ಹೇಳಿದ್ದು ಕೇಳಿದ್ದೆಲ್ಲ ಮಾಫ್, ತಗೊಂಡಿದ್ದು?

ಈ ಸಲ ಶಬೆ ಬರಾತ್ ದಿನ, ಅಂದ್ರೆ ಶಾಬಾನ್ ತಿಂಗಳ ನಡುವೆ ಬರೋ ಮಾಫಿಯ ರಾತ್ರಿಯ ದಿನ, ಸಂಜೆ ಮುಂಚಿನ ಅಸರ್ ನಮಾಜ್ ಮುಗಿಸಿ ಫೋನ್ ತೆಗೆದ್ರೆ 38 ಮೆಸೇಜ್ ಬಂದು ಕೂತಿದ್ವು. ಎಲ್ಲದ್ರಲ್ಲೂ ಹೆಚ್ಚುಕಮ್ಮಿ ಒಂದೇ ಮಾತು, ಇವತ್ತು ನಮ್ಮ ಅಮಲುಗಳ (ಒಳ್ಳೇದು ಕೆಟ್ಟದ್ದು ಮಾಡಿದ್ದರ) ಲೆಕ್ಕ ಮೇಲೆ ಹೋಗೋ ರಾತ್ರಿ, ಗೊತ್ತಿದ್ದೋ ಗೊತ್ತಿಲ್ದೇನೋ ನಿಮ್ಮ ಮನಸ್ಸಿಗೆ ನೋವು ಮಾಡಿದ್ರೆ ಅಲ್ಲಾಹನಿಗೋಸ್ಕರ ಮಾಫ್ ಮಾಡಿಬಿಡಿ, ನಾನೂ ಎಲ್ಲರನ್ನೂ ಮಾಫ್ ಮಾಡಿದೀನಿ. ಕೆಳಗೆ ಚಂದ್ರ, ಮಿನಾರು, ಒಂದು ಗುಲಾಬಿ ಹೂವು. ಒಂದೊಂದಕ್ಕೂ ಕೈ ಮುಗಿಯೋ ಇಮೋಜಿ ಒತ್ತುತ್ತಾ ಹೋದೆ. ಹಾಗೆ ಒತ್ತುತ್ತಾ ಇಪ್ಪತ್ತೋ ಇಪ್ಪತ್ತೊಂದೋ ಆಗಿರ್ಬೇಕು, ಅವಳ ಹೆಸರು ಬಂತು. ನಾಲ್ಕು ವರ್ಷದಿಂದ ನಾವಿಬ್ರೂ ಮಾತಾಡಿಲ್ಲ. ಒಂದೇ ಆಫೀಸಿನಲ್ಲಿ ಪಕ್ಕಪಕ್ಕದ ಟೇಬಲ್ಲಿನಲ್ಲಿ ಕೂತು ಕೆಲಸ ಮಾಡ್ತಿದ್ದವರು. ನಾನು ಮಾಡಿದ ಒಂದು ತಪ್ಪಿಗೆ ಎಲ್ಲರ ಮುಂದೆ ಅವಳು ಬೈಸಿಕೊಂಡಳು, ನಾನು ಬಾಯಿ ಬಿಡ್ಲಿಲ್ಲ, ಆಮೇಲೆ ಅವಳು ಕೆಲಸಾನೇ ಬಿಟ್ಟಳು. ಈಗ ಅವಳು ನನ್ನ ಹತ್ರ ಮಾಫಿ ಕೇಳ್ತಿದಾಳೆ! ಅವಳ ಫೋನಿನಲ್ಲಿರೋ ಎಲ್ಲ ಹೆಸರಿಗೂ ಒಟ್ಟಿಗೆ ಹೋಗಿರೋ ಮೆಸೇಜು ಅಂತ ನೋಡಿದ್ರೇ ಗೊತ್ತಾಗ್ತಿತ್ತು. ನನ್ನ ಬೆರಳು ಅಭ್ಯಾಸಬಲದಿಂದ ಅದೇ ಕೈ ಮುಗಿಯೋ ಇಮೋಜಿನ ಒತ್ತಿಬಿಡ್ತು.

ಸಂಜೆಯ ಮಗ್ರಿಬ್ ಅಜಾನ್ ಆಯ್ತು, ನಮಾಜಿಗೆ ನಿಂತೆ, ಖುರಾನಿನ ಯಾಸೀನ್ ಅಧ್ಯಾಯ ಓದಿದೆ, ರಾತ್ರಿಯ ಇಷಾ ನಮಾಜ್ ಮುಗೀತು, ಕಡ್ಡಾಯವಲ್ಲದ ನಫಿಲ್ ನಮಾಜ್ ಶುರು ಮಾಡಿದೆ. ಸಜ್ದಾದಲ್ಲಿ ನೆಲಕ್ಕೆ ತಲೆ ಇಟ್ಟಾಗೆಲ್ಲ ಆ ಇಮೋಜಿನೇ ಕಣ್ಣಿಗೆ ಬರ್ತಿತ್ತು. ಮಾಫಿ ಕೇಳ್ಬೇಕಾದವಳು ನಾನು. ಕೇಳಿದವಳು ಅವಳು. ಕೊಟ್ಟ ಹಾಗೆ ಮಾಡಿದ್ದು ಮತ್ತೆ ನಾನೇ. ಅವತ್ತಿಂದ ಇದು ತಲೆಯಿಂದ ಇಳಿದಿಲ್ಲ, ಅದಕ್ಕೇ ಬರೀತಿದೀನಿ.

ಮೂಲೆಮನೆ ಖಾಲಾ

ನಂಗೆ ಆಗ ಒಂಬತ್ತು ವರ್ಷ ಇರ್ಬೇಕು. ಶಬೆ ಬರಾತ್ ಅಂದ್ರೆ ನಮಗೆ ಮಕ್ಕಳಿಗೆ ಹಲ್ವ, ಹೊಸದಾಗಿ ಇಸ್ತ್ರಿ ಮಾಡಿದ ಸಲ್ವಾರು, ರಾತ್ರಿಯೆಲ್ಲ ಎದ್ದಿರೋಕೆ ಪರ್ಮಿಷನ್ನು, ಇಷ್ಟೇ. (ಹಲ್ವ ಯಾಕೆ ಮಾಡ್ತಾರೆ ಅಂತ ಕೇಳಿದ್ರೆ, ಉಹುದ್ ಯುದ್ಧದಲ್ಲಿ ಪ್ರವಾದಿ(ಸ)ರ ಹಲ್ಲು ಮುರಿದಿತ್ತು, ಆವಾಗ ಮೆತ್ತಗಿರೋದನ್ನ ತಿಂದಿದ್ರು ಅಂತ ದೊಡ್ಡೋರು ಹೇಳೋರು. ಉಹುದ್ ನಡೆದಿದ್ದು ಹಿಜ್ರಿ 3ರ ಶವ್ವಾಲ್ ತಿಂಗಳಲ್ಲಿ, ಶಾಬಾನಿನಲ್ಲಿ ಅಲ್ಲ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಆದ್ರೂ ಅವತ್ತು ಹತ್ತು ಮನೆಗೆ ತಟ್ಟೆ ಹೋಗತ್ತೆ, ಅಡುಗೆ ಮಾಡೋಕಾಗದವರ ಮನೆಗೂ ಹೋಗತ್ತೆ, ಅದರ ಮೇಲೆ ನಂಗೆ ಯಾವ ಜಗಳವೂ ಇಲ್ಲ.)

ಆ ವರ್ಷ ಅಸರ್ ಆದ್ಮೇಲೆ ದಾದಿ, ಅಂದ್ರೆ ಅಬ್ಬಾನ ತಾಯಿ, ನನ್ನ ಕೈ ಹಿಡ್ಕೊಂಡು "ಬಾ ಬೇಟಿ, ಒಂದು ಮನೆಗೆ ಹೋಗಿ ಬರೋಣ" ಅಂದ್ರು. ಕೈಯಲ್ಲಿ ತಟ್ಟೆ ಇರಲಿಲ್ಲ. ನಂಗೆ ಅದೇ ಆಶ್ಚರ್ಯ, ಅವತ್ತು ತಟ್ಟೆ ಇಲ್ದೆ ಯಾರೂ ಯಾರ ಮನೆಗೂ ಹೋಗಲ್ಲ. ಮೂಲೆಮನೆ ಖಾಲಾ ಹತ್ರ ಹೋದ್ವಿ. ದಾದಿಗೂ ಅವರಿಗೂ ಮಾತುಕತೆ ನಿಂತುಹೋಗಿದೆ ಅನ್ನೋದು ಮನೇಲಿ ಎಲ್ಲರಿಗೂ ಗೊತ್ತಿತ್ತು, ಯಾಕೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಖಾಲಾ ಒಲೆ ಮುಂದೆ ಕೂತಿದ್ರು. ದಾದಿ ಸಲಾಂ ಹೇಳಿ, ಒಳಗೆ ಬರದೇ ಹೊಸ್ತಿಲಲ್ಲೇ ಕೂತು, ಒಂದೇ ಉಸಿರಿಗೆ ಹೇಳಿಬಿಟ್ರು. ನಾವು ಮನೇಲಿ ಆಡೋದು ದಖ್ಖನಿ, ಅದನ್ನ ಕನ್ನಡದಲ್ಲಿ ಹೇಳಿದ್ರೆ ಹೀಗೆ: "ನಿನ್ನ ಮಗಳಿಗೆ ಬಂದಿದ್ದ ಸಂಬಂಧ ತಪ್ಪಿಹೋಯ್ತಲ್ಲ, ಹುಡುಗನ ಕಡೆಯವರು ನನ್ನ ಕೇಳೋಕೆ ಬಂದಿದ್ರು. ಹುಡುಗಿಗೆ ಫಿಟ್ಸ್ ಬರತ್ತೆ ಅಂತ ಹೇಳಿದ್ದು ನಾನೇ. ಚಿಕ್ಕವಳಿದ್ದಾಗ ಒಂದೇ ಒಂದು ಸಲ ಬಂದಿತ್ತು, ಆಮೇಲೆ ಬಂದಿಲ್ಲ, ಅದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಈಗ ಅವರ ಮನೆಗೂ ಹೋಗಿ ನಿಜ ಹೇಳಿ ಬಂದಿದೀನಿ, ಆದ್ರೆ ಆ ಹುಡುಗನಿಗೆ ಮದುವೆ ಆಗಿಹೋಗಿದೆ. ನನ್ನ ಮಾಫ್ ಮಾಡೋಕಾದ್ರೆ ಮಾಡು."

ಖಾಲಾ ಏನೂ ಮಾತಾಡ್ಲಿಲ್ಲ. ಪಾತ್ರೆಗೆ ಮುಚ್ಚಳ ಹಾಕಿದ್ರು. ಎದ್ದು ಒಂದು ಲೋಟ ನೀರು ತಂದು ದಾದಿ ಪಕ್ಕದಲ್ಲಿ ಇಟ್ರು. ಆಮೇಲೆ "ಇವತ್ತು ಆಗಲ್ಲ ಆಪಾ" ಅಂದ್ರು. ಅಷ್ಟೇ. ದಾದಿ ನೀರು ಕುಡಿದು, ಲೋಟ ತೊಳೆದು ಇಟ್ಟು, ಎದ್ದ್ರು.

ದಾರಿಯಲ್ಲಿ ನಂಗೆ ಸಿಟ್ಟು ಬಂದಿತ್ತು, ನಮ್ಮ ದಾದಿ ಅಷ್ಟು ಕೇಳಿದ್ರೂ ಕೊಡ್ಲಿಲ್ವಲ್ಲ ಅಂತ. ಇವತ್ತಿನ ರಾತ್ರಿ ಅಲ್ಲಾಹನೇ ಎಲ್ಲರನ್ನೂ ಮಾಫ್ ಮಾಡ್ತಾನೆ ಅಂತ ಮದ್ರಸಾದಲ್ಲಿ ಹೇಳಿಕೊಟ್ಟಿದ್ರು, ಇವರ್ಯಾಕೆ ಮಾಡಲ್ಲ ಅಂದೆ. ದಾದಿ ನಿಂತು, "ಕೇಳೋದು ನನ್ನ ಮೇಲಿನ ಸಾಲ. ಕೊಡೋದು ಬಿಡೋದು ಅವಳ ಹಕ್ಕು. ಅವಳ ಹಕ್ಕಿಗೆ ನೀನು ಸಿಟ್ಟು ಮಾಡ್ಕೋಬೇಡ" ಅಂದ್ರು. ಆ ರಾತ್ರಿ ಗಂಡಸರೆಲ್ಲ ಮಸೀದಿಗೆ, ಅಲ್ಲಿಂದ ಖಬರಸ್ತಾನಕ್ಕೆ ಹೋದ್ಮೇಲೆ ಮನೇಲಿ ಹೆಂಗಸರು ಮಕ್ಕಳಷ್ಟೇ ಉಳಿದ್ವಿ. ದಾದಿ ಸಲಾತುತ್ತಸ್ಬೀಹ್ ಅನ್ನೋ ನಫಿಲ್ ನಮಾಜ್ ಓದಿದ್ರು. ನಾಲ್ಕು ರಕಾತ್, ಅಂದ್ರೆ ನಮಾಜಿನ ನಾಲ್ಕು ಸುತ್ತು, ಒಂದೊಂದರಲ್ಲಿ 75 ಸಲ ತಸ್ಬೀಹ್, ಅಂದ್ರೆ ಅಲ್ಲಾಹನ ಸ್ತುತಿ, ಒಟ್ಟು 300. ಅವರಿಗೆ ಮಂಡಿ ನೋವು, ಪ್ರತಿ ಸಲ ಏಳುವಾಗ ನೆಲಕ್ಕೆ ಕೈ ಊರಿ ಏಳೋರು. ನಾನು ಪಕ್ಕದಲ್ಲಿ ಮಲ್ಕೊಂಡು ಆ ಕೈಯನ್ನೇ ನೋಡ್ತಾ ನಿದ್ದೆ ಹೋದೆ.

ರಸೀದಿ

ಶಬ್ ಅಂದ್ರೆ ಪಾರ್ಸಿಯಲ್ಲಿ ರಾತ್ರಿ. ಬರಾತ್ ಅನ್ನೋದು ಅರಬಿಯ 'ಬರಾಅ'ದಿಂದ ಬಂದಿದ್ದು, ಬಿಡುಗಡೆ, ಋಣಮುಕ್ತಿ ಅಂತ ಅರ್ಥ ಹೇಳ್ತಾರೆ. ತುಂಬಾ ವರ್ಷ ನಾನು ಅದನ್ನ ನರಕದಿಂದ ಬಿಡುಗಡೆ ಅಂತಷ್ಟೇ ತಿಳ್ಕೊಂಡಿದ್ದೆ. ಆಮೇಲೆ ಎಲ್ಲೋ ಓದುವಾಗ ಗೊತ್ತಾಯ್ತು, ಹಳೇ ಇಸ್ಲಾಮಿ ಆಡಳಿತದಲ್ಲಿ ತೆರಿಗೆ ಕಟ್ಟಿದವನಿಗೆ ಖಜಾನೆಯವರು ಕೊಡ್ತಿದ್ದ ರಸೀದಿಗೂ 'ಬರಾಅ' ಅಂತಲೇ ಹೆಸರು. ಕಟ್ಟಬೇಕಾಗಿದ್ದನ್ನ ಕಟ್ಟಿದಾನೆ, ಇನ್ನು ಇವನ ಮೇಲೆ ಬಾಕಿ ಇಲ್ಲ ಅನ್ನೋ ಚೀಟಿ. ಇದನ್ನ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ರಸೀದಿಯ ರಾತ್ರಿ! ರಸೀದಿ ಸುಮ್ಮನೆ ಬರಲ್ವಲ್ಲ, ಕಟ್ಟಿದ್ರೆ ತಾನೇ ಬರೋದು.

ಒಂದೇ ರಾತ್ರಿಯನ್ನ ಒಬ್ಬೊಬ್ಬರು ಎಷ್ಟು ಬೇರೆ ಬೇರೆ ಥರ ಹಿಡ್ಕೊಂಡಿದಾರೆ ನೋಡಿ. ತುರ್ಕಿಯಲ್ಲಿ ಇದು ಬೆರಾತ್ ಕಂದಿಲಿ, ಕಂದಿಲಿ ಅಂದ್ರೆ ದೀಪದ ರಾತ್ರಿ, ಮಿನಾರುಗಳಿಗೆ ದೀಪ ಹಚ್ಚೋ ಪದ್ಧತಿ ಒಟ್ಟೋಮನ್ ಸುಲ್ತಾನರ ಕಾಲದ್ದು. ಇಂಡೋನೇಷ್ಯಾದಲ್ಲಿ ನಿಸ್ಫು ಶಾಬಾನ್ ಅಂತಾರೆ, ಮಗ್ರಿಬ್ ಆದ್ಮೇಲೆ ಸೇರಿ ಮೂರು ಸಲ ಯಾಸೀನ್ ಓದ್ತಾರೆ, ಆಯುಷ್ಯಕ್ಕೆ ಒಂದು, ಆಪತ್ತು ಬರದೇ ಇರಲಿ ಅಂತ ಒಂದು, ಬೇರೆಯವರ ಮುಂದೆ ಕೈ ಚಾಚದ ಹಾಗೆ ಆಗಲಿ ಅಂತ ಒಂದು, ನಮ್ಮ ಕಡೆಯೂ ಎಷ್ಟೋ ಮನೆಗಳಲ್ಲಿ ಇದೇ ಮೂರು. ಇರಾನಿನಲ್ಲಿ, ಇರಾಕಿನ ಕರ್ಬಲಾದಲ್ಲಿ ಶಿಯಾಗಳಿಗೆ ಇದು ಹನ್ನೆರಡನೇ ಇಮಾಮ್ ಮಹ್ದಿ ಹುಟ್ಟಿದ ದಿನ, ಹಿಜ್ರಿ 255ರಲ್ಲಿ ಸಾಮರ್ರಾದಲ್ಲಿ, ಹಾಗಾಗಿ ಅಲ್ಲಿ ಬೀದಿಯೆಲ್ಲ ದೀಪ, ಸಿಹಿ, ಸಂಭ್ರಮ. ಈಜಿಪ್ಟಿನ ಕಡೆ ಇನ್ನೊಂದು ನಂಬಿಕೆ ಇತ್ತು, ಸ್ವರ್ಗದಲ್ಲಿ ಒಂದು ಮರ ಇದೆ, ಬದುಕಿರೋ ಒಬ್ಬೊಬ್ಬರ ಹೆಸರಿಗೂ ಅದರಲ್ಲಿ ಒಂದೊಂದು ಎಲೆ, ಈ ರಾತ್ರಿ ಆ ಮರವನ್ನ ಅಲ್ಲಾಡಿಸ್ತಾರೆ, ಯಾರ ಎಲೆ ಉದುರತ್ತೋ ಅವರು ಮುಂದಿನ ಶಾಬಾನ್ ನೋಡಲ್ಲ ಅಂತ.

ಇದರ ಜೊತೆಗೆ ಇದೆಲ್ಲ ಬೇಕಾ ಬೇಡ್ವಾ ಅನ್ನೋ ಜಗಳವೂ ಬಹಳ ಹಳೇದು, ಇವತ್ತಿನ ಯೂಟ್ಯೂಬ್ ಮೌಲಾನಾಗಳಿಂದ ಶುರುವಾಗಿದ್ದಲ್ಲ. ಪ್ರವಾದಿಯವರ ಸಂಗಾತಿಗಳ ನಂತರದ ತಲೆಮಾರಿನಲ್ಲೇ ಶಾಮಿನ, ಅಂದ್ರೆ ಇವತ್ತಿನ ಸಿರಿಯಾ ಕಡೆಯ, ಖಾಲಿದ್ ಬಿನ್ ಮಅದಾನ್, ಮಕ್‌ಹೂಲ್ ಮುಂತಾದವರು ಈ ರಾತ್ರಿ ಎದ್ದಿದ್ದು ಇಬಾದತ್ (ಆರಾಧನೆ) ಮಾಡ್ತಿದ್ರು, ಹಿಜಾಜಿನ, ಅಂದ್ರೆ ಮಕ್ಕಾ ಮದೀನಾ ಕಡೆಯ, ಅತಾ ಮುಂತಾದವರು ಅದನ್ನ ಒಪ್ತಿರಲಿಲ್ಲ. ಹಿಜ್ರಿ 448ರಲ್ಲಿ ನಾಬ್ಲುಸಿನಿಂದ ಬಂದ ಒಬ್ಬ ಜೆರೂಸಲೇಮಿನ ಅಕ್ಸಾ ಮಸೀದಿಯಲ್ಲಿ ಈ ರಾತ್ರಿ ನಮಾಜಿಗೆ ನಿಂತ, ಹಿಂದೆ ಒಬ್ಬ ಸೇರ್ಕೊಂಡ, ಇನ್ನೊಬ್ಬ, ಮತ್ತೊಬ್ಬ, ನಮಾಜ್ ಮುಗಿಯೋ ಹೊತ್ತಿಗೆ ದೊಡ್ಡ ಜಮಾತೇ ಆಗಿತ್ತು ಅಂತ ಬರೆದಿಟ್ಟಿದಾರೆ. ಮುಂದೆ ಅದು ನೂರು ರಕಾತಿನ ನಮಾಜಾಗಿ ಹಬ್ಬಿದಾಗ ಇಮಾಮ್ ನವವಿಯಂಥ ವಿದ್ವಾಂಸರು ಇದು ಬಿದ್ಅತ್, ಧರ್ಮದಲ್ಲಿಲ್ಲದ ಹೊಸ ಆಚರಣೆ, ಅಂತ ಖಡಾಖಂಡಿತವಾಗಿ ಹೇಳಿದ್ರು. ಇನ್ನೊಬ್ಬ ವಿದ್ವಾಂಸ ಇಬ್ನ್ ತೈಮಿಯಾ ಒಬ್ಬೊಬ್ಬರೇ ನಮಾಜ್ ಓದೋದಕ್ಕೆ ಅಡ್ಡಿ ಹೇಳಲಿಲ್ಲ. ಖುರಾನಿನ ದುಖಾನ್ ಅಧ್ಯಾಯದಲ್ಲಿ ಬರೋ 'ಬರಕತ್ತಿನ ರಾತ್ರಿ' ಇದೇ ಅಂತ ಕೆಲವರು, ಅಲ್ಲ ಅದು ರಮ್ಜಾನಿನ ಲೈಲತುಲ್ ಖದ್ರ್ ಅಂತ ಬಹಳಷ್ಟು ಜನ. ನಂಗೆ ಎರಡನೇದೇ ಸರಿ ಅನ್ಸತ್ತೆ, ಖುರಾನ್ ಇಳಿದಿದ್ದು ರಮ್ಜಾನಿನಲ್ಲಿ ಅಂತ ಖುರಾನೇ ಹೇಳತ್ತೆ. ಆದ್ರೆ ಈ ಚರ್ಚೆಯಲ್ಲಿ ಎಲ್ಲರೂ ಕೇಳೋದು ಎಷ್ಟು ರಕಾತ್, ಜಮಾತೋ ಒಬ್ಬರೇನೋ, ರೋಜಾ (ಉಪವಾಸ) ಇಡಬೇಕೋ ಬೇಡ್ವೋ ಅಂತ. ಮಾಫಿಯ ವಿಷಯಕ್ಕೆ ಯಾರೂ ಬರಲ್ಲ.

ಹೆಂಗಸರು ಖಬರಸ್ತಾನಕ್ಕೆ ಹೋಗಬಾರದು ಅಂತ ನಮ್ಮ ಕಡೆ ಬಹಳ ಬಿಗಿ. ಅದಕ್ಕೆ ಅವರವರ ಆಧಾರ ಇದೆ, ಬೇರೆ ಅಭಿಪ್ರಾಯವೂ ಇದೆ. ಆದ್ರೆ ಈ ರಾತ್ರಿಯ ಬಗ್ಗೆ ಎಲ್ಲರೂ ಹೇಳೋ ಹದೀಸ್ (ಪ್ರವಾದಿಯವರ ನುಡಿ ನಡೆಯ ವರದಿ) ಶುರುವಾಗೋದೇ ಒಬ್ಬ ಹೆಂಗಸು ರಾತ್ರಿಯಲ್ಲಿ ಒಬ್ಬಳೇ ಹೊರಗೆ ಹೋಗೋದರಿಂದ. ಪ್ರವಾದಿಯವರ ಪತ್ನಿ ಹಜ್ರತ್ ಆಯಿಷಾ(ರ) ಎದ್ದು ನೋಡ್ತಾರೆ, ಪ್ರವಾದಿ(ಸ) ಪಕ್ಕದಲ್ಲಿಲ್ಲ. ಹುಡುಕ್ಕೊಂಡು ಹೋಗ್ತಾರೆ. ಅವರು ಮದೀನಾದ ಬಖೀ ಖಬರಸ್ತಾನದಲ್ಲಿ ಸಿಗ್ತಾರೆ. ಶಾಬಾನ್ ತಿಂಗಳ ನಡುವಿನ ಈ ರಾತ್ರಿ ಅಲ್ಲಾಹ ಬನೂ ಕಲ್ಬ್ ಬುಡಕಟ್ಟಿನ ಕುರಿಗಳ ಮೈಮೇಲಿರೋ ಕೂದಲಿಗಿಂತ ಹೆಚ್ಚು ಜನರನ್ನ ಕ್ಷಮಿಸ್ತಾನೆ ಅಂತ ಅಲ್ಲಿ ಹೇಳ್ತಾರೆ. ಇದನ್ನ ದಾಖಲಿಸಿದ ತಿರ್ಮಿಜಿಯವರೇ, ಇಮಾಮ್ ಬುಖಾರಿ ಇದನ್ನ ದುರ್ಬಲ ಅಂತಿದ್ರು ಅನ್ನೋದನ್ನೂ ಕೆಳಗೇ ಬರೆದಿದಾರೆ. ಒಬ್ಬರಿಂದೊಬ್ಬರಿಗೆ ಹೇಳ್ಕೊಂಡು ಬಂದ ಆ ಸರಪಳಿ ದುರ್ಬಲ ಇರಬಹುದು. ಆದ್ರೂ ಗಂಡಸರೆಲ್ಲ ಟಾರ್ಚ್ ಹಿಡ್ಕೊಂಡು ಹೊರಟಾಗ ಬಾಗಿಲಲ್ಲಿ ನಿಂತು ನೋಡ್ತಿದ್ದ ನಂಗೆ ಆಯಿಷಾರ ನೆನಪು ಬರದೇ ಇರೋ ಒಂದು ಶಬೆ ಬರಾತೂ ಇಲ್ಲ.

ಯಾರಿಗೆ ಇಲ್ಲ

ಇನ್ನೊಂದು ಹದೀಸ್ ಇದೆ, ಇಬ್ನ್ ಮಾಜಾ ಅನ್ನೋ ಹದೀಸ್ ಸಂಗ್ರಹದಲ್ಲಿ ಪ್ರವಾದಿಯವರ ಸಂಗಾತಿ ಅಬೂ ಮೂಸಾ ಅಶ್ಅರಿಯವರಿಂದ ಬಂದಿರೋದು, ಮುಆಜ್ ಬಿನ್ ಜಬಲ್‌ರಿಂದಲೂ ಬಂದಿದೆ. ಈ ರಾತ್ರಿ ಅಲ್ಲಾಹ ತನ್ನ ಸೃಷ್ಟಿಯ ಕಡೆ ನೋಡ್ತಾನೆ, ಎಲ್ಲರನ್ನೂ ಕ್ಷಮಿಸ್ತಾನೆ, ಇಬ್ಬರನ್ನ ಬಿಟ್ಟು, ಅವನಿಗೆ ಜೊತೆಗಾರರನ್ನ ಮಾಡಿದವನು ಮತ್ತು 'ಮುಶಾಹಿನ್'. ಮುಶಾಹಿನ್ ಅಂದ್ರೆ ಮನಸ್ಸಿನಲ್ಲಿ ಹಗೆ ಇಟ್ಕೊಂಡವನು.

ಇದನ್ನ ಮೊದಲ ಸಲ ಸರಿಯಾಗಿ ಓದಿದಾಗ ನಂಗೆ ನೆನಪಾಗಿದ್ದು ಮೂಲೆಮನೆ ಖಾಲಾ. ಅನ್ಯಾಯ ಮಾಡಿದ್ದು ನಮ್ಮ ದಾದಿ. ಮಗಳ ಮದುವೆ ತಪ್ಪಿದ್ದು ಅವರಿಗೆ. ಮಾಫ್ ಮಾಡೋಕಾಗಲ್ಲ ಅಂದಿದ್ದಕ್ಕೆ ಈಗ ಅಲ್ಲಾಹನ ಮಾಫಿಯಿಂದಲೂ ಅವರೇ ಹೊರಗಾ? ಇದು ಹೇಗೆ ನ್ಯಾಯ? ಫಾರ್ವರ್ಡ್ ಮೆಸೇಜುಗಳ ಒಳಗಿರೋ ಸಣ್ಣ ಬೆದರಿಕೆಯೂ ಇದೇ, ನಾನು ಕೇಳಿಬಿಟ್ಟೆ, ಇನ್ನು ಕೊಡದೇ ಇದ್ರೆ ಪಾಪ ನಿನ್ನ ಮೇಲೆ. ಅನ್ಯಾಯ ಮಾಡಿದವನು ಒಂದು ಬಟನ್ ಒತ್ತಿ ಹಗುರ ಆಗ್ತಾನೆ, ಅನ್ಯಾಯ ಆದವಳಿಗೆ ಹಳೇ ನೋವಿನ ಜೊತೆಗೆ ಇನ್ನೊಂದು ಹೊರೆ.

ಈ ಪ್ರಶ್ನೆ ಹಿಡ್ಕೊಂಡು ಬಹಳ ಓದಿದೆ, ಕೇಳಿದೆ. ಹಳೇ ವಿದ್ವಾಂಸರಲ್ಲಿ ಔಜಾಈಯವರು ಮುಶಾಹಿನ್ ಅನ್ನೋದನ್ನ ಬೇರೆ ರೀತಿಯಲ್ಲೇ ಅರ್ಥ ಮಾಡಿದಾರೆ, ಸಮುದಾಯದಿಂದ ಒಡೆದು ಹೋದ, ಬಿದ್ಅತ್ ಹಿಡಿದವನು ಅಂತ. ಉಳಿದವರು ಹಗೆ ಅಂತಲೇ ಹೇಳಿದ್ರೂ ಅದು ಇನ್ನೊಬ್ಬರಿಗೆ ಕೆಡುಕು ಬಯಸೋ ಹಗೆ. ನೋವು ಹಗೆ ಅಲ್ಲ. ನೀರು ತಂದಿಟ್ಟು "ಇವತ್ತು ಆಗಲ್ಲ" ಅಂದಿದ್ರಲ್ಲ ಖಾಲಾ, ಅದರಲ್ಲಿ ಹಗೆ ಎಲ್ಲಿತ್ತು? ನಿಜ ಇತ್ತು. ಅವರು ಸುಳ್ಳಿಗೆ "ಮಾಫ್ ಮಾಫ್" ಅಂದುಬಿಟ್ಟು ಒಳಗೆ ಕುದಿದಿದ್ರೆ ಅದು ಹಗೆ ಆಗ್ತಿತ್ತೇನೋ.

ತೌಬಾಕ್ಕೆ, ಅಂದ್ರೆ ಪಶ್ಚಾತ್ತಾಪಕ್ಕೆ, ಮೂರು ಷರತ್ತು ಅಂತ ನವವಿ ಬರೀತಾರೆ, ಆ ಪಾಪ ಬಿಡಬೇಕು, ಮಾಡಿದ್ದಕ್ಕೆ ಮನಸ್ಸು ನೋಯಬೇಕು, ಇನ್ನೆಂದೂ ಮಾಡಲ್ಲ ಅಂತ ಗಟ್ಟಿ ಮಾಡ್ಕೋಬೇಕು. ಇದು ಅಲ್ಲಾಹನಿಗೂ ನಮಗೂ ಮಧ್ಯದ್ದಾದ್ರೆ. ಮನುಷ್ಯರ ವಿಷಯ ಆದ್ರೆ ನಾಲ್ಕನೇದು ಸೇರತ್ತೆ, ಅವರ ಹಕ್ಕನ್ನ ಅವರಿಗೆ ವಾಪಸ್ ಮುಟ್ಟಿಸಬೇಕು. ದುಡ್ಡಾದ್ರೆ ದುಡ್ಡು, ಮಾನ ಹೋಗೋ ಮಾತಾಡಿದ್ರೆ ಅವರ ಹತ್ರ ಹೋಗಿ ಮಾಫಿ. ಹುಕೂಕುಲ್ಲಾಹ್, ಹುಕೂಕುಲ್ ಇಬಾದ್ ಅಂತ ಎರಡು ಖಾತೆ, ಅಲ್ಲಾಹನ ಹಕ್ಕುಗಳು, ದಾಸರ ಹಕ್ಕುಗಳು. ಮೊದಲನೇದನ್ನ ಅವನು ಒಂದು ಕಣ್ಣೀರಿಗೆ ಬಿಟ್ಟುಬಿಡಬಹುದು. ಎರಡನೇದರಲ್ಲಿ ಅವನು ಕೈ ಹಾಕಲ್ಲ, ಯಾಕಂದ್ರೆ ಅದು ನಿಮ್ಮದು. ಹುತಾತ್ಮನಾದವನಿಗೆ ಸಾಲ ಒಂದನ್ನ ಬಿಟ್ಟು ಎಲ್ಲ ಪಾಪವೂ ಮಾಫ್ ಅಂತ ಸಹೀಹ್ ಮುಸ್ಲಿಮ್ ಅನ್ನೋ ಹದೀಸ್ ಸಂಗ್ರಹದಲ್ಲಿದೆ. ಅದರಲ್ಲೇ ಇನ್ನೊಂದು ಕಡೆ ದಿವಾಳಿಯಾದವನ ವಿಷಯ ಬರತ್ತೆ. ಖಿಯಾಮತ್ ದಿನ, ಅಂದ್ರೆ ಕೊನೇ ತೀರ್ಪಿನ ದಿನ, ರಾಶಿ ನಮಾಜು, ರೋಜಾ, ಜಕಾತ್ (ಕಡ್ಡಾಯ ದಾನ) ತಗೊಂಡು ಬರ್ತಾನೆ, ಆದ್ರೆ ಒಬ್ಬನಿಗೆ ಬೈದಿರ್ತಾನೆ, ಒಬ್ಬನ ಮೇಲೆ ಆರೋಪ ಹೊರಿಸಿರ್ತಾನೆ, ಒಬ್ಬನ ಆಸ್ತಿ ತಿಂದಿರ್ತಾನೆ, ಒಬ್ಬನಿಗೆ ಹೊಡೆದಿರ್ತಾನೆ. ಅವನ ಪುಣ್ಯವನ್ನೆಲ್ಲ ತೆಗೆದು ಅವರಿಗೆ ಹಂಚ್ತಾರೆ, ಅದು ಖಾಲಿಯಾದ್ರೆ ಅವರ ಪಾಪ ತಂದು ಇವನ ತಲೆಗೆ ಹಾಕ್ತಾರೆ. ರಾತ್ರಿಯಿಡೀ ನಿಂತು ಓದಿದ ನನ್ನ ನಫಿಲ್‌ಗಳು ಯಾರ ಖಾತೆಗೆ ಹೋಗ್ತಿವೆ ಅಂತ ಈ ಸಲ ನಿಜವಾಗಿ ಭಯ ಆಯ್ತು.

ಫುಫಿ ಕೇಳಿದ ಪ್ರಶ್ನೆ

ಇದನ್ನ ಬರೀಬೇಕೋ ಬೇಡ್ವೋ ಅಂತ ಎರಡು ದಿನ ಯೋಚನೆ ಮಾಡಿದೆ. ಅಬ್ಬಾ ಈಗ ಇಲ್ಲ. ಆದ್ರೆ ಬದುಕಿದ್ದಾಗ ಈ ವಿಷಯವನ್ನ ಅವರೇ ನಮಗೆ ಮುಚ್ಚುಮರೆ ಇಲ್ದೆ ಹೇಳ್ತಿದ್ರು, ಹಾಗಾಗಿ ಬರೀತೀನಿ.

ಅಬ್ಬಾ ಪ್ರತಿ ಶಬೆ ಬರಾತಿಗೂ ತಪ್ಪದೆ ತಂಗಿಗೆ, ಅಂದ್ರೆ ನಮ್ಮ ಫುಫಿಗೆ, ಫೋನ್ ಮಾಡೋರು. "ಕಹಾ ಸುನಾ ಮಾಫ್ ಕರೋ" ಅನ್ನೋರು, ಹೇಳಿದ್ದು ಕೇಳಿದ್ದು ಎಲ್ಲ ಮಾಫ್ ಮಾಡು ಅಂತ. ಫುಫಿ ಆ ಕಡೆಯಿಂದ "ಮಾಫ್, ಮಾಫ್, ನೀವೂ ಮಾಡಿ ಭಾಯ್" ಅನ್ನೋರು. ಒಂದು ನಿಮಿಷದ ಮಾತು. ಒಂದು ವರ್ಷ ನಾನು ಪಕ್ಕದಲ್ಲೇ ಕೂತಿದ್ದೆ, ಫೋನ್ ಸ್ಪೀಕರಿನಲ್ಲಿತ್ತು. ಅಬ್ಬಾ ಎಂದಿನ ಹಾಗೆ ಹೇಳಿದ್ರು. ಫುಫಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ಮೆಲ್ಲಗೆ, "ಹೇಳಿದ್ದು ಕೇಳಿದ್ದೆಲ್ಲ ಮಾಫ್ ಭಾಯ್. ತಗೊಂಡಿದ್ದು?" ಅಂದ್ರು.

ಅಬ್ಬಾ ಮುಖ ನಾನು ಯಾವತ್ತೂ ಹಾಗೆ ನೋಡಿರಲಿಲ್ಲ.

ದಾದಾ ತೀರಿಕೊಂಡಾಗ ಮನೆ ಮತ್ತು ಅದರ ಹಿಂದಿನ ಜಾಗ ಅಬ್ಬಾ ಹೆಸರಿಗೆ ಬಂದಿತ್ತು. ಫುಫಿ ಸೈನ್ ಹಾಕಿಕೊಟ್ಟಿದ್ರು, "ನನ್ನ ಹಕ್ಕು ಮಾಫ್" ಅಂತ. ಯಾರೂ ಜೋರು ಮಾಡಿರಲಿಲ್ಲ. ಜೋರು ಮಾಡೋ ಅಗತ್ಯವೇ ಇರಲಿಲ್ಲ, ತವರುಮನೆ ಬಾಗಿಲು ತೆರೆದಿರಬೇಕು ಅಂದ್ರೆ ಹೆಣ್ಣುಮಕ್ಕಳು ಹಾಗೇ ಮಾಡೋದು ಅಂತ ಅವರಿಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಲೆಕ್ಕ ಏನು ಕಷ್ಟದ್ದಲ್ಲ, ನಿಸಾ ಅಧ್ಯಾಯದಲ್ಲಿ ಅಲ್ಲಾಹ ಸ್ಪಷ್ಟವಾಗೇ ಹೇಳಿದಾನೆ. ಮಕ್ಕಳಿದ್ರೆ ಹೆಂಡತಿಗೆ ಎಂಟನೇ ಒಂದು ಭಾಗ, ಉಳಿದಿದ್ದರಲ್ಲಿ ಮಗನಿಗೆ ಎರಡು ಪಾಲಾದ್ರೆ ಮಗಳಿಗೆ ಒಂದು. ಒಟ್ಟು 24 ಪಾಲು ಮಾಡಿದ್ರೆ ದಾದಿಗೆ 3, ಅಬ್ಬಾಗೆ 14, ಫುಫಿಗೆ 7. ದಾದಿ ಹೋದ್ಮೇಲೆ ಅವರ 3ರಲ್ಲಿ ಮತ್ತೆ ಅಬ್ಬಾಗೆ 2, ಫುಫಿಗೆ 1. ಅಲ್ಲಿಗೆ ಫುಫಿದು 8 ಪಾಲು, ಸರಿಯಾಗಿ ಮೂರರಲ್ಲೊಂದು. ಅಬ್ಬಾ ಐದು ಹೊತ್ತಿನ ನಮಾಜ್ ಬಿಟ್ಟವರಲ್ಲ. ಜಕಾತ್ ಲೆಕ್ಕವನ್ನ ಪೈಸೆ ಪೈಸೆ ಬರೆದಿಡೋರು. ಆ ಮೂರರಲ್ಲೊಂದು ಪಾಲಿನ ಮೇಲೆ ಜಾನಮಾಜ್ (ನಮಾಜಿನ ಚಾಪೆ) ಹಾಸಿ ಇಷ್ಟು ವರ್ಷ ತೌಬಾ ಮಾಡ್ತಿದ್ದೆ ಅಂತ ಅವರೇ ಆಮೇಲೆ ಹೇಳಿದ್ದು.

ಅವತ್ತು ರಾತ್ರಿ ಅಬ್ಬಾ ಮಸೀದಿಗೆ ಹೋಗಲಿಲ್ಲ. ಒಂದು ನೋಟ್‌ಬುಕ್ ತಗೊಂಡು ಕೂತ್ರು. ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ, ಮನೇಲಿ ಮಾತುಕತೆ ಆಯ್ತು, ಅಮ್ಮಿಗೆ ಇಷ್ಟ ಇರಲಿಲ್ಲ, ನನ್ನ ತಮ್ಮನಿಗೆ ಅರ್ಥವೇ ಆಗಲಿಲ್ಲ, ಅವರೇ ಬಿಟ್ಟುಕೊಟ್ಟಿದ್ದಲ್ವಾ ಅಂತ ಅವನ ವಾದ. ಎರಡು ವರ್ಷ ಹಿಡೀತು. ಹಿಂದಿನ ಜಾಗ ಮಾರಿದ್ರು, ಅದು ಸಾಲದೇ ಉಳಿದಿದ್ದಕ್ಕೆ ಕಂತು ಮಾಡ್ಕೊಂಡ್ರು. ಕೊನೇ ಕಂತು ಕೊಡೋಕೆ ಹೋದಾಗ ನನ್ನನ್ನೂ ಕರ್ಕೊಂಡು ಹೋಗಿದ್ರು. ಫುಫಿ ದುಡ್ಡು ಎಣಿಸಲಿಲ್ಲ. ಅಬ್ಬಾನೇ ಹಟ ಮಾಡಿ ಎಣಿಸೋಕೆ ಹೇಳಿದ್ರು, "ಎಣಿಸು, ನಾಳೆ ಅಲ್ಲಿ ಎಣಿಸೋಕೆ ದೀನಾರೂ ಇರಲ್ಲ, ದಿರ್ಹಮೂ ಇರಲ್ಲ" ಅಂತ. ಅದು ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ಬರೋ ಮಾತು, ಯಾರಿಗಾದ್ರೂ ಅನ್ಯಾಯ ಮಾಡಿದ್ರೆ ದೀನಾರ್ ದಿರ್ಹಮ್ ಇಲ್ಲದ ದಿನ ಬರೋ ಮೊದಲು ಇವತ್ತೇ ಚುಕ್ತಾ ಮಾಡ್ಕೊಳ್ಳಿ ಅಂತ. ಫುಫಿ ಎಣಿಸ್ತಾ ಎಣಿಸ್ತಾ ಅಳೋಕೆ ಶುರು ಮಾಡಿದ್ರು, ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದ್ರು. ಆಮೇಲೆ ಅಬ್ಬಾ ಮಾಫಿ ಕೇಳಿದ್ರು. ಆ ಸಲ "ಕಹಾ ಸುನಾ" ಅನ್ನಲಿಲ್ಲ. "ಇಷ್ಟು ವರ್ಷ ತಡ ಮಾಡಿದ್ದಕ್ಕೆ" ಅಂದ್ರು.

ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ "ನನ್ನ ಹಕ್ಕು ಮಾಫ್" ಅನ್ನೋ ಸೈನ್ ಇದೆಯೋ ಲೆಕ್ಕ ಹಾಕೋಕಾಗಲ್ಲ. ಶಬೆ ಬರಾತಿನ ಬಯಾನಿನಲ್ಲಿ (ಮಸೀದಿಯ ಪ್ರವಚನದಲ್ಲಿ) ಪಟಾಕಿ ಹೊಡೀಬೇಡಿ, ಬೈಕ್ ರೇಸ್ ಮಾಡಬೇಡಿ ಅಂತ ಹೇಳ್ತಾರೆ, ಹೇಳಲೇಬೇಕು, ಆದ್ರೆ ಅಕ್ಕತಂಗಿಯರ ಪಾಲು ಇಟ್ಕೊಂಡು ದುಆಕ್ಕೆ (ಪ್ರಾರ್ಥನೆಗೆ) ಕೈ ಎತ್ತಬೇಡಿ ಅಂತ ನಾನು ಸ್ಪೀಕರಿನಲ್ಲಿ ಒಂದೇ ಒಂದು ಸಲ ಕೇಳಿದೀನಿ. ಆ ಇಮಾಮ್ ಸಾಹೇಬರನ್ನ ನಾನು ನೋಡಿಲ್ಲ, ಅವರ ಧ್ವನಿ ಮಾತ್ರ ನೆನಪಿದೆ, ಅಲ್ಲಾಹ ಅವರನ್ನ ಚೆನ್ನಾಗಿಟ್ಟಿರಲಿ.

ಬಾಗಿಲು ತೆಗೆದಿಟ್ಟು

ಮೂಲೆಮನೆ ಖಾಲಾ ಕಥೆ ಅಲ್ಲಿಗೇ ಮುಗೀಲಿಲ್ಲ. ದಾದಿ ಮುಂದಿನ ವರ್ಷವೂ ಹೋದ್ರು. ಅದರ ಮುಂದಿನ ವರ್ಷವೂ. ಒಟ್ಟು ಆರು ಶಬೆ ಬರಾತ್. ಪ್ರತಿ ಸಲ ಹೊಸ್ತಿಲಲ್ಲಿ ಕೂತು "ಈ ವರ್ಷ?" ಅಂತ ಕೇಳೋರು, ಖಾಲಾ ತಲೆ ಅಲ್ಲಾಡಿಸೋರು, ನೀರು ತಂದಿಡೋರು, ದಾದಿ ಕುಡಿದು ಬರೋರು. ಆಮೇಲಾಮೇಲೆ ನಾನು ಜೊತೆಗೆ ಹೋಗೋದು ಬಿಟ್ಟಿದ್ದೆ, ನಾಚಿಕೆ ಆಗ್ತಿತ್ತು. ಆ ಮಗಳಿಗೆ ಆಮೇಲೆ ಬೇರೆ ಕಡೆ ಮದುವೆಯಾಯ್ತು, ಚೆನ್ನಾಗೇ ಇದಾರೆ. ದಾದಿ ತೀರಿಕೊಂಡಿದ್ದು ರಜಬ್ ತಿಂಗಳಲ್ಲಿ, ಶಾಬಾನಿಗೆ ಇನ್ನೇನು ಹತ್ತು ದಿನ ಇತ್ತು.

ಎಷ್ಟೋ ವರ್ಷ ಆದ್ಮೇಲೆ ಒಂದು ಮದುವೆ ಮನೇಲಿ ಖಾಲಾ ಸಿಕ್ಕಿದ್ರು, ತುಂಬಾ ವಯಸ್ಸಾಗಿತ್ತು, ನನ್ನ ಗುರುತು ಹಿಡಿಯೋಕೆ ಹೊತ್ತಾಯ್ತು. ಗುರುತು ಸಿಕ್ಕಿದ್ದೇ ತಡ ನನ್ನ ಕೈ ಹಿಡ್ಕೊಂಡು ಬಿಡಲೇ ಇಲ್ಲ. "ನಿನ್ನ ದಾದಿ ಹೋದ ವರ್ಷ ಶಬೆ ಬರಾತಿಗೆ ನಾನು ಅಸರ್ ಆದ್ಮೇಲೆ ಬಾಗಿಲು ತೆಗೆದಿಟ್ಟು, ನೀರಿನ ಲೋಟ ಇಟ್ಕೊಂಡು ಕೂತಿದ್ದೆ. ಬರಲ್ಲ ಅಂತ ಗೊತ್ತಿತ್ತು. ಆದ್ರೂ ಕೂತಿದ್ದೆ. ಆ ವರ್ಷ ಕೊಡೋಣ ಅಂತಿದ್ದೆ ಬೇಟಿ." ಕೊಟ್ಟಿರಾ ಅಂತ ಕೇಳಿದೆ. "ಕೊಟ್ಟೆ. ಮಗ್ರಿಬ್ ಅಜಾನ್ ಆಗೋವರೆಗೂ ಕಾದು, ಗಟ್ಟಿಯಾಗಿ ಹೇಳ್ದೆ, ಆಪಾ ಮಾಫ್ ಮಾಡಿದೀನಿ ಅಂತ. ಮನೇಲಿ ಯಾರೂ ಇರಲಿಲ್ಲ."

ಸತ್ತವರಿಗೂ ಮಾಫಿ ಮುಟ್ಟತ್ತೆ, ಹಕ್ಕುದಾರರು ಬಿಟ್ಟುಕೊಟ್ರೆ ಅಲ್ಲಾಹನ ಹತ್ರ ಆ ಬಾಕಿ ತೀರಿತು ಅಂತಾರೆ ಧರ್ಮ ಬಲ್ಲ ಉಲಮಾಗಳು. ಹಾಗಾಗಿ ದಾದಿಗೆ ರಸೀದಿ ಸಿಕ್ಕಿದೆ, ಇನ್ಶಾ ಅಲ್ಲಾಹ್. ಆದ್ರೆ ಮುಖ ನೋಡ್ಕೊಂಡು ಕೊಡೋಕಾಗ್ಲಿಲ್ವಲ್ಲ ಅನ್ನೋದು ಖಾಲಾ ಕೈಯ ಬಿಗಿಯಲ್ಲಿ ನಂಗೆ ಗೊತ್ತಾಗ್ತಿತ್ತು.

ಈ ಸಲ ಬೆಳಗಿನ ಜಾವ ಸಹರಿಗೆ (ರೋಜಾ ಮುಂಚಿನ ಊಟಕ್ಕೆ) ಎದ್ದಾಗ, ಶಾಬಾನ್ ಹದಿನೈದರ ರೋಜಾ ಇಡೋದು ನಮ್ಮನೆಯಲ್ಲಿ ದಾದಿ ಕಾಲದಿಂದ ನಡ್ಕೊಂಡು ಬಂದಿದೆ, ಫೋನ್ ತೆಗೆದು ಆ ಕೈ ಮುಗಿಯೋ ಇಮೋಜಿನ ಡಿಲೀಟ್ ಮಾಡಿದೆ. ಅವಳಿಗೆ ಬರೆದೆ. ಯಾವ ದಿನ, ಯಾವ ಫೈಲು, ಅದರಲ್ಲಿ ತಪ್ಪು ಅಂಕಿ ಹಾಕಿದ್ದು ನಾನು, ಅವತ್ತು ಮೀಟಿಂಗಿನಲ್ಲಿ ನಿನ್ನ ಹೆಸರು ಬಂದಾಗ ನಂಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ, ಕೆಲಸ ಹೋಗತ್ತೆ ಅಂತ ಹೆದರಿದ್ದೆ. ಆ ಮೀಟಿಂಗಿನಲ್ಲಿದ್ದವರಿಗೆಲ್ಲ ಈ ವಿಷಯ ಬರೆದು ತಿಳಿಸ್ತೀನಿ, ನಿನಗೆ ಅದು ಬೇಡ ಅಂದ್ರೆ ಹೇಳು, ಬರೆಯಲ್ಲ. ಮಾಫ್ ಮಾಡು ಅಂತ ಬರೆದು, "ಆದ್ರೆ" ಅಂತ ಸೇರಿಸಿದೆ, ಮಾಡೋಕಾದ್ರೆ.

ಮೆಸೇಜ್ ಅವಳಿಗೆ ಮುಟ್ಟಿದೆ, ಓದಿದಾಳೆ. ಉತ್ತರ ಬಂದಿಲ್ಲ. ಇವತ್ತಿಗೆ ಹನ್ನೊಂದು ದಿನ ಆಯ್ತು, ರಮ್ಜಾನ್ ಹತ್ರ ಬಂತು.